ಕೊರಳ ಚಿನ್ನ, ಕಲ್ಲಿನ ಚಿನ್ನ

ಸಾಂಗ್ಲಿಯಿಂದ ಪಶ್ಚಿಮದ ದಡಕ್ಕೆ ಹೋಗತಕ್ಕವರು, 1929ರಲ್ಲಿ ತೆರೆದು ಅಂದಿನ ವೈಸರಾಯರ ಹೆಸರಿಟ್ಟ ಐರ್ವಿನ್ ಸೇತುವೆಯ ನಡುವೆ ಒಂದು ಕ್ಷಣ ನಿಂತು ಕೆಳಗೆ ನೋಡಿದರೆ, ಹರಿಪುರದ ಬಳಿ ವಾರಣೆಯನ್ನು ಕೂಡಿಕೊಂಡು, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಬರಮಾಡಿಕೊಂಡು, ಮುಂದೆ ಕನ್ನಡನಾಡನ್ನು ಹೊಕ್ಕು ಕೂಡಲಸಂಗಮದಲ್ಲಿ ಮಲಪ್ರಭೆಗೆ ಕೈಚಾಚುವ ಕೃಷ್ಣೆಯ ದೀರ್ಘಯಾತ್ರೆಯ ಒಂದು ತುಣುಕು ಕಣ್ಣಿಗೆ ಬೀಳುತ್ತದೆ. ಸೇತುವೆಯ ಆಚೆಯ ತುದಿಯಲ್ಲಿರುವ ಊರೇ ಸಾಂಗ್ಲಿವಾಡಿ. ಅಲ್ಲಿ ನನಗೆ ಬಹುಕಾಲದ ಸ್ನೇಹಿತರೊಬ್ಬರಿದ್ದಾರೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಮರಾಠಿ, ಬಸದಿಯಲ್ಲಿ ಪ್ರಾಕೃತ ಸಂಸ್ಕೃತಗಳ ಪಾಠ, ಹೀಗೆ ದಿನವೊಂದಕ್ಕೆ ಮೂರು ನಾಲ್ಕು ಭಾಷೆಗಳಲ್ಲಿ ಬಾಳುವ ಜೈನ ಒಕ್ಕಲು ಮನೆತನ ಅವರದು. ಅಂಥ ಮನೆತನಗಳು ಈ ಸೀಮೆಯಲ್ಲಿ ಹೇರಳವಾಗಿವೆ. ಅವರ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಕಳೆದ ನಾಲ್ಕು ವರ್ಷಗಳಿಂದ ಒಂದು ಮುದಿ ಲಾರಿಯ ಶುಶ್ರೂಷೆ ನಡೆದಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾ ದೇಶವೊಂದೇ ಎಂಟು ಲಕ್ಷಕ್ಕೂ ಮೀರಿ ಸೈನ್ಯದ ಮೋಟಾರುಗಳನ್ನು ನಿರ್ಮಿಸಿಕೊಟ್ಟಿತು. ಅವುಗಳಲ್ಲಿ ಸುಮಾರು ಅರ್ಧದಷ್ಟು ಒಂದೇ ಮಾದರಿಯ ಮೊಂಡುಮೂಗಿನ ಲಾರಿಗಳು. ವ್ಯಾಪಾರದಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳಾದ ಎರಡು ಸಂಸ್ಥೆಗಳು, ಆಶವಾದಲ್ಲಿ ಜನರಲ್ ಮೋಟಾರ್ಸಿನವರೂ ವಿಂಡ್ಸರಿನಲ್ಲಿ ಫೋರ್ಡಿನವರೂ, ಒಂದೇ ನಕ್ಷೆಗೆ ಒಡಂಬಟ್ಟು ಮಾಡಿದ ಗಾಡಿಗಳವು. ಎಷ್ಟೋ ಗಾಡಿಗಳು ಬಿಡಿಭಾಗಗಳ ಪೆಟ್ಟಿಗೆಗಳಾಗಿ ಹಡಗು ಹತ್ತಿ ಬಂದು ಮುಂಬಯಿಯಲ್ಲಿ ಜೋಡಣೆಗೊಂಡವು. ನನ್ನ ಸ್ನೇಹಿತರ ಗಾಡಿ 1943ರದು. ಷೆವ್ರೊಲೆಯ ಆರು ಸಿಲಿಂಡರಿನದು. ಅದರ ಮುಂಗಾಜು ಮೇಲ್ಭಾಗದಲ್ಲಿ ಮುಂದಕ್ಕೂ ಕೆಳಭಾಗದಲ್ಲಿ ಹಿಂದಕ್ಕೂ ವಾಲಿಕೊಂಡಿದೆ. ಆಕಾಶದಲ್ಲಿರುವ ಶತ್ರುವಿನ ಕಣ್ಣಿಗೆ ಬಿಸಿಲ ಹೊಳಪು ಬೀಳದಿರಲೆಂದು ಹಾಗೆ ಮಾಡಿದರೆಂದು ಬಲ್ಲವರು ಹೇಳುತ್ತಾರೆ. ನನಗಾದರೋ ಅದನ್ನು ಎದುರಿನಿಂದ ಕಂಡಾಗಲೆಲ್ಲ ತಲೆ ತಗ್ಗಿಸಿ ನೆಲ ನೋಡುತ್ತ ನಿಂತವನ ನೆನಪಾಗುತ್ತದೆ.

ಯುದ್ಧ ಮುಗಿದಮೇಲೆ ಇಂಥ ಗಾಡಿಗಳನ್ನು ಸರ್ಕಾರವು ಸಾವಿರಗಟ್ಟಲೆ ಮಾರಿತು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅವಕ್ಕೆ ‘ಡಿಸ್ಪೋಜಲ್ ಗಾಡಿ’ ಎಂದೇ ಹೆಸರು. ದಕ್ಷಿಣ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಎಷ್ಟೋ ಊರುಗಳು ಮೊದಲು ಕಂಡ ಬಸ್ಸು ಲಾರಿಗಳು, ಹಸಿರು ಬಣ್ಣ ಕಳಚಿಕೊಂಡು ಸಂಸಾರಕ್ಕೆ ಇಳಿದ ಈ ಸಿಪಾಯಿಗಳೇ. ಸ್ನೇಹಿತರ ಅಜ್ಜನವರು ಇದನ್ನು ಕೊಂಡದ್ದು 1947ರಲ್ಲಿ. ಅಲ್ಲಿಂದ ನಲವತ್ತು ವರ್ಷ ಇದು ಅರಿಸಿನ ಹೊತ್ತಿತು, ಬೆಲ್ಲ ಹೊತ್ತಿತು, ಜೋಳದ ಚೀಲ ಹೊತ್ತಿತು, ದಿಬ್ಬಣ ಹೊತ್ತಿತು, 1953ರ ಮಹಾಮಸ್ತಕಾಭಿಷೇಕಕ್ಕೆ ಊರಿನ ಶ್ರಾವಕರನ್ನು ಶ್ರವಣಬೆಳಗೊಳದವರೆಗೆ ಕೊಂಡುಹೋಗಿ ಮರಳಿ ತಂದಿತು. ನಡುವೆ ಪೆಟ್ರೋಲಿನ ಎಂಜಿನ್ನನ್ನು ಕಿತ್ತು ಪರ್ಕಿನ್ಸ್ ಡೀಸೆಲ್ ಕೂರಿಸಿದರು. ಹಿಂದಿನ ಕಟ್ಟಿಗೆಯ ತೊಟ್ಟಿ ಮೂರು ಬಾರಿ ಬದಲಾಯಿತು. ಬಳಿಕ ನಿಂತಿತು, ನಿಂತಲ್ಲಿಯೇ ಇತ್ತು.

“ಹುಟ್ಟಿದಾಗ ಹೆಂಗಿತ್ತೋ ಹಂಗ ಮಾಡೂದ್ರೀ” ಎಂಬುದು ಸ್ನೇಹಿತರ ಸಂಕಲ್ಪ. ಆ ಮಾತಿನಲ್ಲಿ ಎಳ್ಳಷ್ಟೂ ಆಡಂಬರವಿಲ್ಲ. ಅಜ್ಜನ ಋಣ ತೀರಿಸುವ ಒಂದು ದಾರಿಯೆಂದು ಅವರು ಅದನ್ನು ಬಗೆದಿದ್ದಾರೆ. ಆದರೆ ಆ ಸರಳವಾದ ವಾಕ್ಯವು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹುಟ್ಟಿದಾಗ ಹೇಗಿತ್ತೋ ಅದೇ ವಸ್ತುವಿನ ನಿಜವಾದ ರೂಪವೆಂದು ನಾವು ನಂಬುವುದೇಕೆ? ಬಳಿಕ ಬಂದದ್ದೆಲ್ಲವೂ ಕೊಳೆಯೆಂದೂ, ಕೊಳೆ ಕಳೆದರೆ ನಿಜವು ಹೊಳೆಯುವುದೆಂದೂ ನಮಗೆ ಹೇಳಿದವರಾರು?

ಕಳೆದ ಮಾಗಿಯಲ್ಲಿ ನಾನು ಹೋದಾಗ ಅವರು ಬಾಗಿಲ ಕಂಬದ ಮುಂದೆ ಉಜ್ಜುಕಾಗದ ಹಿಡಿದು ಕುಳಿತಿದ್ದರು. ಅಂಗೈಯಗಲದ ಒಂದು ಜಾಗವನ್ನು ನೀರು ಚಿಮುಕಿಸುತ್ತ ಸುತ್ತುಸುತ್ತಾಗಿ ಉಜ್ಜಿದ್ದರಿಂದ, ಮರದ ಕೊರಡನ್ನು ಅಡ್ಡಕೊಯ್ದಾಗ ಕಾಣುವ ಉಂಗುರಗಳಂತೆ ಬಣ್ಣದ ಪದರಗಳು ಒಂದರೊಳಗೊಂದು ತೋರಿಬಂದಿದ್ದವು. ಎಲ್ಲಕ್ಕೂ ಹೊರಗೆ ಮಾಸಿದ ನೀಲಿ, ಅದರೊಳಗೆ ಕೆಮ್ಮಣ್ಣಿನ ಬಣ್ಣದ ರೆಡಾಕ್ಸೈಡು, ಅದರೊಳಗೆ ಕೆನೆಬಣ್ಣ, ಅದರೊಳಗೆ ಮತ್ತೊಂದು ನೀಲಿ, ಆಮೇಲೆ ಸೈನ್ಯದ ಆ ಮಂಕು ಹಸಿರು, ನಟ್ಟನಡುವೆ ಹುಣಿಸೆಬೀಜದಷ್ಟು ಬರಿಯ ಕಬ್ಬಿಣ. ಅವರು ಹಸಿರಿನ ಮೇಲೆ ಬೆರಳಿಟ್ಟು “ಸಿಕ್ತು ನೋಡ್ರೀ” ಎಂದರು. ನಾನು ಕಬ್ಬಿಣವನ್ನು ನೋಡುತ್ತಿದ್ದೆ. ನಿಜವನ್ನು ಹುಡುಕುವವರು ಹಸಿರಿನಲ್ಲಿಯೇ ಏಕೆ ನಿಲ್ಲಬೇಕು? ಇನ್ನೂ ನಾಲ್ಕು ಬಾರಿ ಉಜ್ಜಿದರೆ ಅದೂ ಹೋಗುತ್ತಿತ್ತಲ್ಲ!

ಛಾಂದೋಗ್ಯ ಉಪನಿಷತ್ತಿನ ಉದ್ದಾಲಕನಾಗಿದ್ದರೆ ನಿಲ್ಲುತ್ತಿರಲಿಲ್ಲ. ಮಗ ಶ್ವೇತಕೇತುವಿಗೆ ಆತ ಕೊಟ್ಟ ಮೂರು ದೃಷ್ಟಾಂತಗಳಲ್ಲಿ ಮಣ್ಣಿನ ಮುದ್ದೆಯನ್ನು ಎಲ್ಲರೂ ನೆನೆಯುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ಅದು ಕಬ್ಬಿಣದ ಉಗುರುಕತ್ತರಿ. ಆ ಪುಟ್ಟ ಉಪಕರಣವೊಂದನ್ನು ತಿಳಿದರೆ ಕಬ್ಬಿಣದಿಂದಾದ ಸಕಲವನ್ನೂ ತಿಳಿದಂತಾಯಿತು, ಉಳಿದ ಆಕಾರಭೇದಗಳೆಲ್ಲ ನಾಲಗೆಯನ್ನು ಆಶ್ರಯಿಸಿದ ಹೆಸರುಗಳು ಎಂಬುದು ಆತನ ಬೋಧೆ. ಆ ನ್ಯಾಯದಂತೆ ಸೈನ್ಯದ ಲಾರಿಯೂ ಒಂದು ಹೆಸರು, ಅರಿಸಿನದ ಲಾರಿಯೂ ಒಂದು ಹೆಸರು. ಇತ್ತ, ರಥವೇರಿ ಬಂದ ಯವನರಾಜ ಮಿಲಿಂದನನ್ನು ಭಿಕ್ಷು ನಾಗಸೇನನು, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ಒಂದೊಂದನ್ನೇ ಮುಟ್ಟಿ ಕೇಳಿ, ಬಿಡಿಭಾಗಗಳ ಹೊರತಾಗಿ ರಥವೆಂಬುದು ಬೇರೆ ಇಲ್ಲವೆಂದು ಒಪ್ಪಿಸಿದನಷ್ಟೆ. ನನ್ನ ಸ್ನೇಹಿತರ ಹಿತ್ತಲಿನಲ್ಲಿ ಆ ಸಂವಾದವು ಕಣ್ಣಿಗೆ ಕಾಣುವಂತೆ ಹರಡಿಕೊಂಡಿದೆ. ಗೋಡೆಯ ಬದಿಗೆ ಅಚ್ಚು, ಹಲಗೆಯ ಮೇಲೆ ಗೇರುಗಳು, ಸೀಮೆಎಣ್ಣೆಯ ಬೋಗುಣಿಯಲ್ಲಿ ಮೊಳೆ ತಿರುಪುಗಳು. ಗಾಡಿ ಎಲ್ಲಿ ಎಂದು ಕೇಳಿದರೆ ತೋರಿಸುವುದು ಏನನ್ನು?

ಆದರೂ ಈ ಎರಡು ಉತ್ತರಗಳೂ, ಅವು ಎಷ್ಟೇ ಗಂಭೀರವಾಗಿದ್ದರೂ, ನನ್ನ ಪ್ರಶ್ನೆಯ ಮೇಲಿನಿಂದ ಹಾರಿಹೋಗುತ್ತವೆ ಎನ್ನಬೇಕಾಗಿದೆ. ಗಾಡಿ ಇದೆಯೋ ಇಲ್ಲವೋ ಎಂಬುದು ನನ್ನ ಸಂಶಯವಲ್ಲ. ಇದೆಯೆಂದೇ ಇಟ್ಟುಕೊಂಡರೆ, ಅದರ ಎಂಬತ್ತು ವರ್ಷಗಳ ಬಾಳಿನಲ್ಲಿ ಯಾವ ಅವಸ್ಥೆಯನ್ನು ನಾವು ಅದರ ಸ್ವರೂಪವೆಂದು ಗೌರವಿಸತಕ್ಕದ್ದು ಎಂಬುದು ನನ್ನನ್ನು ಕಾಡುವ ಮಾತು.

ನಮ್ಮ ದರ್ಶನಗಳಲ್ಲಿ ಎರಡು ಬಗೆಯ ಚಿನ್ನಗಳುಂಟು. ಒಂದು, ವೇದಾಂತಿಗಳ ಕಂಠಚಾಮೀಕರ: ಕೊರಳಲ್ಲಿಯೇ ಇರುವ ಚಿನ್ನದ ಸರವನ್ನು ಮರೆತು ಊರೆಲ್ಲ ಹುಡುಕಿದವಳಿಗೆ, ಯಾರೋ ಅದನ್ನು ತೋರಿಸಿಕೊಟ್ಟಾಗ ಹೊಸತೇನೂ ದೊರೆತಂತಾಗಲಿಲ್ಲ, ಇದ್ದದ್ದೇ ದೊರೆಯಿತು. ಆತ್ಮನು ನಿತ್ಯಶುದ್ಧ, ಮೇಲೆ ಆರೋಪಿತವಾದದ್ದು ಸರಿದರೆ ಸಾಕು. ಎರಡನೆಯದು ಜೈನರ ಕನಕಪಾಷಾಣ: ಗಣಿಯ ಕಲ್ಲಿನೊಳಗಿನ ಚಿನ್ನ. ಜೀವಕ್ಕೂ ಕರ್ಮಕ್ಕೂ ಇರುವ ಸಂಬಂಧವನ್ನು ಹೇಳುವಾಗ ಜೈನಾಚಾರ್ಯರು ಈ ಉಪಮೆಯನ್ನು ಮತ್ತೆ ಮತ್ತೆ ತರುತ್ತಾರೆ. ಚಿನ್ನವು ಮೊದಲು ಶುದ್ಧವಾಗಿದ್ದು ಆಮೇಲೆ ಕಲ್ಲಿನ ಸಹವಾಸಕ್ಕೆ ಬಿದ್ದು ಕೆಟ್ಟಿತೆಂದು ಯಾರೂ ಹೇಳಲಾರರು. ಚಿನ್ನವಿದ್ದಾಗಿನಿಂದ ಕಲ್ಲೂ ಇದೆ; ಆ ಬಂಧ ಅನಾದಿ. ಶುದ್ಧಿಯೆಂಬುದು ಹಿಂದೆ ಎಲ್ಲಿಯೋ ಕಳೆದುಹೋದ ಸಂಪತ್ತಾಗಿರದೆ, ಬೆಂಕಿಯನ್ನು ಹಾಯ್ದು ಮುಂದೆ ಪಡೆಯಬೇಕಾದ ಫಲವಾಗಿದೆ. ಮೋಕ್ಷವು ಮರಳಿಹೋಗುವುದಲ್ಲ, ಹಿಂದೆಂದೂ ಹೋಗದಿದ್ದ ಎಡೆಗೆ ಹೋಗುವುದು.

ಇವೆರಡರ ನಡುವೆ ಯಾವುದು ಪರಮಾರ್ಥವೆಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಆದರೆ ಉಜ್ಜುಕಾಗದ ಹಿಡಿದು ಕುಳಿತ ನನ್ನ ಸ್ನೇಹಿತರು, ಹುಟ್ಟಿನಿಂದ ಜೈನರಾಗಿದ್ದೂ, ಕೈಗೆಲಸದಲ್ಲಿ ವೇದಾಂತಿಗಳಾಗಿದ್ದರೆಂದು ನನಗೆ ತೋರಿತು. ನೀಲಿ ಕೆಂಪುಗಳ ಅಧ್ಯಾರೋಪವನ್ನು ಕಳೆದರೆ ನಿತ್ಯಶುದ್ಧವಾದ ಹಸಿರು ಕಾಣಬೇಕೆಂಬ ಭಾವ ಅವರದು. ಅದಕ್ಕೆ ನಾನು, ಅವರ ಮನೆಯ ದರ್ಶನವನ್ನೇ ಅವರ ಮುಂದಿಟ್ಟು, ಈ ಗಾಡಿ ಕೊರಳ ಚಿನ್ನವೋ ಕಲ್ಲಿನ ಚಿನ್ನವೋ ಎಂದು ಕೇಳಿದೆ. ಅವರು ಉಜ್ಜುವುದನ್ನು ನಿಲ್ಲಿಸಿದರು.

ಏತಕ್ಕೆಂದರೆ, ಆ ಹಸಿರು ಶುದ್ಧವಾದ ಬಣ್ಣವಾಗಿರಲಿಲ್ಲ. ಈ ಗಾಡಿ ಹುಟ್ಟಿದ 1943ನೆಯ ಇಸವಿಯು ಈ ಸೀಮೆಗೆ ಎಂಥದೆಂಬುದನ್ನು ಇಲ್ಲಿಯ ಹಿರಿಯರು ಬಲ್ಲರು. ಸಾತಾರಾ ಸೀಮೆಯಲ್ಲಿ, ಬ್ರಿಟಿಷರ ಆಳ್ವಿಕೆಗೆ ಎದುರಾಗಿ ನಿಂತ ನಾನಾ ಪಾಟೀಲರ ಪ್ರತಿಸರ್ಕಾರವು ಬೇರೂರಿದ್ದು ಆ ಕಾಲದಲ್ಲಿ. ಅದೇ ವರ್ಷದ ಜುಲೈ 24ರಂದು ವಸಂತದಾದಾ ಪಾಟೀಲರೂ ಅವರ ಸಂಗಡಿಗರೂ ಸಾಂಗ್ಲಿಯ ಸೆರೆಮನೆಯಿಂದ ಹೊರಬಿದ್ದರು. ಬೆನ್ನಟ್ಟಿದವರ ಗುಂಡಿಗೆ ಇಬ್ಬರು ತರುಣರು ಬಲಿಯಾದರು. ಆ ದಿನಗಳಲ್ಲಿ ಈ ಹಸಿರು ಬಣ್ಣದ ಗಾಡಿ ಊರೊಳಗೆ ಬಂತೆಂದರೆ ತಾಯಂದಿರು ಮಕ್ಕಳನ್ನು ಒಳಕ್ಕೆ ಕರೆದುಕೊಂಡು ಅಗುಳಿ ಹಾಕುತ್ತಿದ್ದರಂತೆ. ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇಪ್ಪತ್ತೈದು ಲಕ್ಷ ಭಾರತೀಯರು ಆ ಯುದ್ಧದಲ್ಲಿ ಸೈನಿಕರಾಗಿದ್ದರು, ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ದಳದಲ್ಲಿ ಸೇರಿ ಇಟಲಿಯ ಬೆಟ್ಟಗಳಲ್ಲಿ ಮಡಿದವರಲ್ಲಿ ನಮ್ಮ ಸುತ್ತಿನ ಹಳ್ಳಿಗಳ ಮಕ್ಕಳೂ ಇದ್ದರು. ಅದೇ 1943ರಲ್ಲಿ ವಂಗದೇಶವು ಹಸಿವಿನಿಂದ ಸಾಯುತ್ತಿದ್ದಾಗ, ಅಕ್ಟೋಬರಿನಲ್ಲಿ ವೈಸರಾಯನಾಗಿ ಬಂದ ವೇವೆಲನು ಸೈನ್ಯಕ್ಕೆ ಅಕ್ಕಿ ಸಾಗಿಸುವ ಕೆಲಸವನ್ನು ಒಪ್ಪಿಸಿದ ಮೇಲೆ, ಇಂಥ ಲಾರಿಗಳೇ ಹಳ್ಳಿಗಳಿಗೆ ಧಾನ್ಯ ಹೊತ್ತವು. ಮನೆಮಠ ಕಳೆದುಕೊಂಡ ಪೋಲೆಂಡಿನ ಅನಾಥಮಕ್ಕಳ ಮೊದಲ ತಂಡಗಳು 1942ರಲ್ಲಿ ಅಶ್ಗಾಬಾದಿನಿಂದ ಪರ್ಷಿಯಾ ದೇಶವನ್ನು ಹಾಯ್ದು ಭಾರತವನ್ನು ಮುಟ್ಟಿದ್ದು ಲಾರಿಗಳಲ್ಲಿಯೇ. ಮರುವರ್ಷ ಇಲ್ಲಿಗೆ ಸಮೀಪದ ಕೊಲ್ಲಾಪುರದ ವಳಿವಡೆಯಲ್ಲಿ ಅವರ ದೇಶದ ಸುಮಾರು ಐದು ಸಾವಿರ ಜನಕ್ಕೆ ಬೀಡು ಸಿದ್ಧವಾಯಿತು. ಒಂದೇ ಗಾಲಿ ಗುಂಡನ್ನೂ ಒಯ್ದಿತು, ಗಂಜಿಯನ್ನೂ ಒಯ್ದಿತು.

ಹಾಗಾದರೆ ಪಾಪವೆಂಬುದು ಕಬ್ಬಿಣಕ್ಕೆ ಅಂಟುತ್ತದೆಯೇ? ಜಡಕ್ಕೆ ಕರ್ಮವಿಲ್ಲವೆಂದು ಸುಲಭವಾಗಿ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಜೈನಶಾಸ್ತ್ರವು ಅಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಕರ್ಮದ ಆಸ್ರವಕ್ಕೆ, ಅಂದರೆ ಒಳಹರಿವಿಗೆ, ಆಧಾರವಾಗತಕ್ಕವು ಜೀವ ಅಜೀವ ಎರಡೂ ಎಂದು ಹೇಳಿ, ಅಜೀವಾಧಿಕರಣವನ್ನು ವಿವರಿಸುವಾಗ, ವಸ್ತುವನ್ನು ನಿರ್ಮಿಸುವುದು, ಇಡುವುದು, ಜೋಡಿಸುವುದು, ಪ್ರವರ್ತಿಸುವುದು ಎಂಬ ನಾಲ್ಕನ್ನು ಎಣಿಸಿದೆ. ಗಾಡಿಯನ್ನು ಮತ್ತೆ ಕಟ್ಟುವವನು ಈ ನಾಲ್ಕನ್ನೂ ಮಾಡುತ್ತಾನೆ! ನಿರ್ವರ್ತನಾ, ನಿಕ್ಷೇಪ, ಸಂಯೋಗ, ನಿಸರ್ಗ. ಇವು ಒಬ್ಬ ಮಿಸ್ತ್ರಿಯ ದಿನಚರಿಯಂತೆಯೇ ಇವೆ. ಮೇಲಾಗಿ ಶ್ರಾವಕನ ವ್ರತಗಳಲ್ಲಿ ಅನರ್ಥದಂಡವಿರತಿ, ಅಂದರೆ ನಿಷ್ಕಾರಣವಾದ ಹಿಂಸೆಯನ್ನು ತೊರೆಯುವುದು, ಎಂಬುದೊಂದುಂಟು. ಜೈನಾಚಾರ್ಯ ಸಮಂತಭದ್ರರು ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವನ್ನು, ಅಂದರೆ ಕೊಲೆಗೆ ಕಾರಣವಾಗುವ ಉಪಕರಣಗಳನ್ನು ಪರರಿಗೆ ಕೊಡುವುದನ್ನು ಸೇರಿಸಿದ್ದಾರೆ. ಅವರು ಕೊಟ್ಟ ಪಟ್ಟಿಯನ್ನು ನಾನು ಮೊದಲ ಬಾರಿ ಗಮನವಿಟ್ಟು ಓದಿದಾಗ ಬೆರಗಾದೆ. ಕೊಡಲಿ, ಖಡ್ಗ, ಬೆಂಕಿ, ವಿಷ, ಸಂಕೋಲೆಗಳ ನಡುವೆ ಗುದ್ದಲಿಯೂ ಇದೆ. ಖಡ್ಗಕ್ಕೂ ಗುದ್ದಲಿಗೂ ಒಂದೇ ಸಾಲಿನಲ್ಲಿ ಸ್ಥಾನ! ಹೊಲದಲ್ಲಿ ದುಡಿಯುವ ಉಪಕರಣವೂ ಕೈ ಬದಲಾದರೆ ಏನಾಗಬಲ್ಲುದೆಂಬುದನ್ನು ಆಚಾರ್ಯರು ಬಲ್ಲರು. ಆದ್ದರಿಂದ ಅವರು ಉಪಕರಣದ ಜಾತಿಯನ್ನು ಕೇಳದೆ, ಅದನ್ನು ಯಾರಿಗೆ, ಯಾತಕ್ಕೆ ಕೊಟ್ಟೆ ಎಂದು ಕೇಳುತ್ತಾರೆ. ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ, ಗಾಡಿಗೆ ಮತ್ತೆ ಹಸಿರು ಬಳಿಯುವವನು ಅದನ್ನು ಯಾರಿಗೆ ಕೊಡುತ್ತಿದ್ದಾನೆ? ನೋಡುವ ಮಕ್ಕಳ ಕಣ್ಣಿಗೆ. ಆ ಮಕ್ಕಳು ಅದರಲ್ಲಿ ಯುದ್ಧದ ಗಾಡಿಯೊಂದನ್ನು ಮಾತ್ರ ಕಾಣುತ್ತಾರೆ. ಅರಿಸಿನ ಹೊತ್ತ ನಲವತ್ತು ವರ್ಷಗಳು ಅವರ ಪಾಲಿಗೆ ಆಗಿಯೇ ಇಲ್ಲ.

ನನ್ನ ಈ ವಾದಕ್ಕೆ ಬಲವಾದ ಸಾಕ್ಷಿಯೊಂದು ನದಿಯ ಆಚೆ, ಸಾಂಗ್ಲಿಗೆ ಎರಡು ಹರದಾರಿಯೂ ದೂರವಿಲ್ಲದ ಮಿರಜದಲ್ಲಿದೆ. ಇಂದು ಹಿಂದುಸ್ಥಾನದ ಎಷ್ಟೋ ಗಾಯಕರ ಬೆನ್ನ ಹಿಂದೆ ಮಿಡಿಯುವ ತಂಬೂರಿಗಳ ಊರು ಅದು. ಗಾಯಕ ಅಬ್ದುಲ್ ಕರೀಂ ಖಾನರು ನೆಲಸಿದ್ದ ಊರು. ಖ್ವಾಜಾ ಶಮ್ನಾ ಮೀರಾರ ದರ್ಗಾದಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಸಂಗೀತಸೇವೆ ನಡೆಯುವ ಊರು. ಅಲ್ಲಿಯ ಸಿತಾರು ತಂಬೂರಿಗಳನ್ನು ಮಾಡತಕ್ಕ ಮನೆತನಗಳ ಮೂಲಪುರುಷರು ಶಿಕಲಗಾರರು. ಕತ್ತಿಗೆ ಸಾಣೆ ಹಿಡಿಯುವುದು, ಆಯುಧಗಳನ್ನು ಮಾಡುವುದು ಅವರ ಕುಲವೃತ್ತಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಕತ್ತಿಯ ಕಾಲ ಮುಗಿದು, ಊರಿನ ಒಡೆಯರಾದ ಪಟವರ್ಧನರ ಆಸ್ಥಾನದಲ್ಲಿ ಸಂಗೀತಕ್ಕೆ ಮನ್ನಣೆ ದೊರೆತಾಗ, ಫರೀದಸಾಹೇಬರೆಂಬ ಶಿಕಲಗಾರರು ತಂಬೂರಿ ದುರಸ್ತಿಗೆ ಕೈಹಾಕಿ, ದುರಸ್ತಿಯಿಂದ ನಿರ್ಮಾಣಕ್ಕೆ ಬಂದರು. ಅವರ ವಂಶದವರನ್ನು ಕಂಡು ಯಾರಾದರೂ, ನಿಮ್ಮ ಮೂಲಸ್ವರೂಪಕ್ಕೆ ಮರಳಿರಿ, ತಂಬೂರಿಯನ್ನು ಕೆಳಗಿಟ್ಟು ಕತ್ತಿ ಮಸೆಯಿರಿ ಎಂದಾರೇ? ಸಾಣೆಯಲ್ಲಿ ಪಳಗಿದ ಆ ಕೈಯೇ ಕುಂಬಳದ ಬುರುಡೆಯ ಮೇಲೆ ಕೂದಲೆಳೆಯ ಲೆಕ್ಕದಲ್ಲಿ, ತಂತಿಗಳು ಒರಗುವ ಜವಾರಿಯನ್ನು ಉಜ್ಜಿ ಸ್ವರವನ್ನು ತೆರೆಯುತ್ತದೆ. ಕೈಗೆ ಕತ್ತಿಯ ಋಣವಿದೆ, ನಿಜ. ಆ ಕೈಯ ಸಾರ್ಥಕ್ಯ ಮಾತ್ರ ತಂಬೂರಿಯಲ್ಲಿದೆ.

ಸ್ನೇಹಿತರು ಸುಮ್ಮನೆ ಒಪ್ಪುವ ಪೈಕಿಯವರಲ್ಲ. ಬಸದಿಯ ಜೀರ್ಣೋದ್ಧಾರ ಮಾಡುವಾಗ ಮೇಲೆ ಬಳಿದ ಸುಣ್ಣವನ್ನು ಕೆರೆದು ಕಲ್ಲನ್ನು ಹೊರಗೆ ತರುವುದಿಲ್ಲವೇ, ಅದು ತಪ್ಪೇ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ, ನಾನು ಅದಕ್ಕೆ ಅಂದು ಉತ್ತರ ಕೊಡಲಾರದೆ ಸೇತುವೆಯ ಮೇಲೆ ಯೋಚಿಸುತ್ತ ಮನೆಗೆ ಬಂದೆ. ಜೀರ್ಣೋದ್ಧಾರವೆಂಬುದು ನಮ್ಮಲ್ಲಿ ಕೇವಲ ದುರಸ್ತಿಯಾಗಿಲ್ಲ. ಆಗಮದ ವಿಧಿಯಲ್ಲಿ ಗುಡಿಯನ್ನು ಬಿಚ್ಚುವ ಮೊದಲು ಮೂರ್ತಿಯ ಕಳೆಯನ್ನು ಕಲಶಕ್ಕೆ ಆಕರ್ಷಿಸಿ, ಬಾಲಾಲಯವೆಂಬ ಚಿಕ್ಕ ಮನೆಯಲ್ಲಿ ಇರಿಸಿ, ಕೆಲಸ ಮುಗಿದಮೇಲೆ ಮರಳಿ ತುಂಬುತ್ತಾರೆ. ಎಂದರೆ ಕಲ್ಲು ಮರಗಳು ಬದಲಾಗುವುದಕ್ಕೆ ಶಾಸ್ತ್ರವು ಅಂಜುವುದಿಲ್ಲ. ಜನರ ಪೂಜೆಯಿಂದ ಅಲ್ಲಿ ಸಂಚಯವಾದದ್ದು ನಷ್ಟವಾದೀತೆಂದು ಅಂಜುತ್ತದೆ. ಭಿನ್ನವಾದ ಮೂರ್ತಿಯನ್ನು ಪೂಜಿಸಬಾರದೆಂದು ಕಟ್ಟುನಿಟ್ಟಾಗಿ ಹೇಳುವ ಶಿಲ್ಪಶಾಸ್ತ್ರಗಳೂ, ನೂರು ವರ್ಷ ಮೀರಿ ಪೂಜೆಗೊಂಡ, ಮಹಾಪುರುಷರು ಪ್ರತಿಷ್ಠಿಸಿದ ಮೂರ್ತಿಯು ಊನವಾಗಿದ್ದರೂ ಪೂಜ್ಯವೇ ಎಂದು ವಿನಾಯಿತಿ ಕೊಡುತ್ತವೆ. ಶಿಲ್ಪಿಯ ಕೈಯಿಂದ ಬಂದ ಅಖಂಡತೆಗಿಂತ ನೂರು ವರ್ಷಗಳ ಕೈಮುಗಿತಕ್ಕೆ ಹೆಚ್ಚಿನ ತೂಕ! ಸುಣ್ಣವನ್ನು ಕೆರೆಯಬಹುದು, ಆದರೆ ಕೆರೆಯುವ ಮೊದಲು ಆ ಸುಣ್ಣದೊಳಗೆ ಏನು ಕುಳಿತಿದೆಯೆಂದು ಕೇಳಿಕೊಳ್ಳಬೇಕು.

ಇಷ್ಟಾಗಿಯೂ ನಾನು ಜೀರ್ಣೋದ್ಧಾರದ ವಿರೋಧಿಯೆಂದು ಯಾರೂ ತಿಳಿಯಬಾರದು. ಆ ಹಿತ್ತಲಿನಲ್ಲಿ ನಾನು ಕಂಡ ಕೆಲಸಗಳಲ್ಲಿ ಒಂದನ್ನಂತೂ ಬದುಕಿರುವವರೆಗೆ ಮರೆಯಲಾರೆ. ಸ್ನೇಹಿತರು ಮುಂಬಯಿಯ ಗುಜರಿಯಲ್ಲಿ ಅದೇ ಕಾಲದ, ಅದೇ ಜಾತಿಯ ಪೆಟ್ರೋಲ್ ಎಂಜಿನ್ನೊಂದನ್ನು ಹುಡುಕಿ ತಂದಿದ್ದರು. ಅದರ ಕನೆಕ್ಟಿಂಗ್ ರಾಡುಗಳಲ್ಲಿ ಈಗಿನವುಗಳಂತೆ ಸಿದ್ಧವಾದ ಬೇರಿಂಗುಗಳಿಲ್ಲ. ತವರ, ಆಂಟಿಮನಿ, ತಾಮ್ರಗಳನ್ನು ಬೆರೆಸಿದ ವೈಟ್ ಮೆಟಲನ್ನು ರಾಡಿನ ಬಾಯಿಗೆ ನೇರವಾಗಿ ಎರಕ ಹೊಯ್ಯಬೇಕು. ಕೊಲ್ಲಾಪುರದ ಉದ್ಯಮನಗರದ ಫೌಂಡ್ರಿಗಳಲ್ಲಿ ಬಾಳುವೆ ಸವೆಸಿದ ಒಬ್ಬ ಮುಪ್ಪಿನ ಮಿಸ್ತ್ರಿಗಳು ಅದಕ್ಕೆಂದು ಬಂದರು. ಹಳೆಯ ಲೋಹವನ್ನು ಕರಗಿಸಿ ಇಳಿಸಿದರು. ರಾಡಿನ ಬಾಯನ್ನು ಉಜ್ಜಿ ಕಲಾಯಿ ಹಚ್ಚಿದರು. ನಡುವೆ ಗುಂಡನೆಯ ದಿಂಡನ್ನು ನಿಲ್ಲಿಸಿ, ಸಂದುಗಳಿಗೆ ಜೇಡಿ ಮೆತ್ತಿ, ಎಲ್ಲವನ್ನೂ ಕಾಯಿಸಿದರು. ಕುಲುಮೆಯ ಮೇಲಿನ ಸೌಟಿನಲ್ಲಿ ಲೋಹವು ಹುಣ್ಣಿಮೆಯ ನೀರಿನಂತೆ ಥಳಥಳಿಸುತ್ತಿತ್ತು. ಉಷ್ಣಮಾಪಕ ಅವರ ಬಳಿ ಇರಲಿಲ್ಲ. ಒಂದು ಒಣಗಿದ ಕಡ್ಡಿಯನ್ನು ಅದರಲ್ಲಿ ಅದ್ದಿ ತೆಗೆದು, ತುದಿಯು ಕಂದುಬಣ್ಣಕ್ಕೆ ತಿರುಗಿದ್ದನ್ನು ನೋಡಿ, ಇನ್ನು ಕಪ್ಪಾಗುವ ಮೊದಲೇ, ಉಸಿರು ಬಿಗಿಹಿಡಿದು ಒಂದೇ ಧಾರೆಯಲ್ಲಿ ಹೊಯ್ದರು. ನಡುವೆ ಧಾರೆ ತುಂಡಾದರೆ ಒಳಗೆ ಬಿರುಕು ನಿಲ್ಲುತ್ತದಂತೆ. ಮರುದಿನ ಅದನ್ನು ಕೊರೆದು, ಶಾಫ್ಟಿಗೆ ನೀಲಿಬಣ್ಣ ಸವರಿ, ರಾಡನ್ನು ತೊಡಿಸಿ ಒಂದು ಸುತ್ತು ತಿರುಗಿಸಿ, ಬಿಚ್ಚಿ, ನೀಲಿ ಅಂಟಿದ ಉಬ್ಬುಗಳನ್ನು ಮಾತ್ರ ಕೈಯ ಕೆರೆಗತ್ತಿಯಿಂದ ಕೆರೆದರು. ಮತ್ತೆ ತೊಡಿಸಿ ಮತ್ತೆ ಬಿಚ್ಚಿದರು. ಹೀಗೆ ಒಂದು ರಾಡಿಗೆ ಅರ್ಧ ದಿನ; ಆರು ರಾಡಿಗೆ ಮೂರು ದಿನ.

ಈ ಲೋಹವೇಕೆ ಇಷ್ಟು ಮೆತ್ತಗೆ ಎಂದು ನಾನು ಕೇಳಿದ್ದಕ್ಕೆ ಮಿಸ್ತ್ರಿಗಳು, ಇದು ಸವೆದರೆ ಶಾಫ್ಟು ಉಳಿಯುತ್ತದೆ, ಇದು ಗಟ್ಟಿಯಾದರೆ ಶಾಫ್ಟು ಹೋಗುತ್ತದೆ ಎಂದರು. ಸವೆಯಲೆಂದೇ ಹುಟ್ಟಿಸಿದ ಭಾಗ! ‘ಸತ್’ ಎಂದರೆ ಉತ್ಪಾದ, ವ್ಯಯ, ಧ್ರೌವ್ಯಗಳು ಕೂಡಿದ್ದೆಂದು ತತ್ತ್ವಾರ್ಥಸೂತ್ರವು ಹೇಳುವುದನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಹುಟ್ಟು, ಅಳಿವು, ಉಳಿವು ಎಂಬ ಮೂರು ಒಂದೇ ಕ್ಷಣದಲ್ಲಿ ಒಂದೇ ವಸ್ತುವಿನಲ್ಲಿರುವುದು ಹೇಗೆಂದು ಸಂಶಯಪಟ್ಟಿದ್ದೇನೆ. ಆ ಕುಲುಮೆಯ ಮುಂದೆ ಕುಳಿತಾಗ ಆ ಸಂಶಯವು ಅರ್ಧ ಕರಗಿತು. ಈ ಎಂಜಿನ್ನನ್ನು ರೂಪಿಸಿದವರು, ಇದರ ಹುಟ್ಟಿನೊಳಗೇ ಇದರ ಸವೆತವನ್ನೂ, ಆ ಸವೆತದೊಳಗೆ ಇದರ ಬಾಳನ್ನೂ ಬರೆ‌ದಿಟ್ಟಿದ್ದರು. ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಇರಲೆಂಬ ಆಸೆ ಅವರಿಗೇ ಇರಲಿಲ್ಲ.

ಎರಡು ವಾರದ ಮೇಲೆ ಎಂಜಿನ್ನನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ ಚಾಲೂ ಮಾಡಿದರು. ಮೊದಲು ಕೆಮ್ಮಿತು, ನೀಲಿ ಹೊಗೆ ಕಾರಿತು. ಆಮೇಲೆ ನಮ್ಮ ನಡುವೆ ಒಂದು ಜೀವವು ಬಂದು ಕುಳಿತಂತೆ ತಣ್ಣಗೆ ಮಿಡಿಯತೊಡಗಿತು. ಮಿಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಒಂದೊಂದು ರಾಡಿನ ಸದ್ದನ್ನು ಬಹಳ ಹೊತ್ತು ಕೇಳುತ್ತ ನಿಂತರು. ತಂಬೂರಿಯ ಜವಾರಿ ತೆರೆಯುವವರು ನಿಲ್ಲುವುದೂ ಹಾಗೆಯೇ.

ಗಾಡಿಯ ಮೇಲೆ ಇನ್ನೊಂದು ಪದರವಿದೆ. ಅದನ್ನು ಯಾರೂ ಬಳಿದದ್ದಲ್ಲ. ಐರ್ವಿನ್ ಸೇತುವೆಯ ಬಳಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿಯನ್ನೂ ದಾಟಿತು. ಸಾಂಗ್ಲಿವಾಡಿ ನಡುಗಡ್ಡೆಯಾಯಿತು. ಹಿತ್ತಲಿನ ಮಾಡಿನ ಕೆಳಗೆ ಗಾಡಿ ಕುತ್ತಿಗೆಯವರೆಗೆ ಮುಳುಗಿ ದಿನಗಟ್ಟಲೆ ನಿಂತಿತ್ತು. ನೀರಿಳಿದ ಮೇಲೆ ಬಾಗಿಲ ಒಳಗಡೆ ಸಣ್ಣ ಮಣ್ಣಿನ ಗೆರೆಯೊಂದು, ಮಟ್ಟಗೋಲಿನಿಂದ ಎಳೆದಂತೆ, ಉಳಿಯಿತು. ಅದನ್ನು ಒರೆಸಬೇಡಿರೆಂದು ನಾನು ಕೇಳಿಕೊಂಡಿದ್ದೇನೆ. ಬಾಗಿಲ ತಗಡುಗಳ ಮಡಿಕೆಯಲ್ಲಿ, ನೀರಿಗೂ ಸಿಗದೆ, ಗಟ್ಟಿಕಟ್ಟಿದ ಅರಿಸಿನದ ಪುಡಿ ಇನ್ನೂ ಇದೆ. ಉಗುರಿನಿಂದ ಕೆದಕಿದರೆ ಉಗುರು ಹಳದಿಯಾಗುತ್ತದೆ. ಹರಿಪುರದ ನೆಲದೊಳಗಿನ ಪೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಅರಿಸಿನವದು. ಆ ಪೇವುಗಳನ್ನು 2005ರ ಮಹಾಪೂರ ಹಾಳುಮಾಡಿತು. ಗಾಡಿಯ ಮಡಿಕೆಯ ಚಿಟಿಕೆ ಅರಿಸಿನ ಉಳಿಯಿತು.

ಈ ವರ್ಷದ ಖಂಡೇನವಮಿಯ ಹಿಂದಿನ ದಿನ ಅವರ ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಗಾಡಿಯ ಎರಡು ಬದಿಗಳೂ ಹಸಿರಾಗಿದ್ದವು. ನನ್ನ ಮುಖವನ್ನು ನೋಡಿ ಸ್ನೇಹಿತರು ಏನೂ ಹೇಳದೆ, ಕೈಹಿಡಿದು ಮುಂಭಾಗಕ್ಕೆ ಕರೆದೊಯ್ದರು. ಮುಂಗಾಜಿನ ಮೇಲಿನ ಹಣೆಪಟ್ಟಿಯಲ್ಲಿ ಅಜ್ಜನ ಕಾಲದ ಬರೆಹವೊಂದಿತ್ತು: ‘ಶ್ರೀ ಪಾರ್ಶ್ವನಾಥ ಪ್ರಸನ್ನ’, ಕೆನೆಬಣ್ಣದ ಮೇಲೆ ಕೆಂಪಿನಲ್ಲಿ, ದುಂಡಗಿನ ಕನ್ನಡ ಅಕ್ಷರಗಳಲ್ಲಿ. ಮಾಗಿಯಲ್ಲಿ ಉಜ್ಜುಕಾಗದವು ಅದರ ಒಂದು ತುದಿಯನ್ನು ತಿಂದಿತ್ತು. ಕೊನೆಯ ಎರಡು ಅಕ್ಷರಗಳು ಹೋಗಿದ್ದವು. ಅದರ ಸುತ್ತಲೂ ಹಸಿರನ್ನು ಅಂಚುಕಟ್ಟಿ ನಿಲ್ಲಿಸಿ, ಆ ಪಟ್ಟಿಯೊಂದನ್ನು ಅವರು ಹಾಗೆಯೇ ಬಿಟ್ಟಿದ್ದರು. ಹೋದ ಅಕ್ಷರಗಳನ್ನು ತುಂಬಲು ಊರಿನ ಪೇಂಟರನನ್ನು ಕರೆಸಿದ್ದರಂತೆ. ಅವನಿಗೆ ದೇವನಾಗರಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಸ್ನೇಹಿತರು ತಾವೇ ಬರೆಯೋಣವೆಂದರೆ, ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಆಡುವ ಭಾಷೆಯ ಅಕ್ಷರಗಳನ್ನು ತಾಯಿಯ ಬಳಿ ಓದಲು ಕಲಿತಿದ್ದರೇ ಹೊರತು ಬರೆಯುವ ರೂಢಿ ಇರಲಿಲ್ಲ.

“ನೀವು ಸೀಮೆಸುಣ್ಣದಾಗ ಬರದ್ ಕೊಡ್ರೀ, ಅವ ಅದರ ಮ್ಯಾಲ ಬಣ್ಣಾ ತುಂಬ್ತಾನ” ಎಂದು ಅವರು ಒಂದು ಸ್ಟೂಲನ್ನು ತಂದಿಟ್ಟರು. ನಾನು ಹತ್ತಿ ನಿಂತೆ. ಅಳಿದ ಅಕ್ಷರಗಳ ಗುರುತು, ಬೆರಳಿನಿಂದ ಸವರಿದರೆ ಮಾತ್ರ ತಿಳಿಯುವಷ್ಟು, ಇನ್ನೂ ಲೋಹದ ಮೇಲೆ ಉಳಿದಿತ್ತು. ಬೆರಳು ಹೋದ ದಾರಿಯಲ್ಲಿ ಸುಣ್ಣದ ಕಡ್ಡಿಯನ್ನು ನಡೆಸಿ ಮೊದಲು ‘ಸ’ ಬರೆದೆ, ಆಮೇಲೆ ‘ನ್ನ’ದ ಒತ್ತನ್ನು ಎಳೆಯುವಾಗ ಕೈ ಸ್ವಲ್ಪ ನಡುಗಿತು. ಬಿಳಿಯ ಪುಡಿ ಕೆಳಗಿನ ಹೊಸ ಹಸಿರಿನ ಮೇಲೆ ಉದುರಿತು. ಪೇಂಟರನು ಕುಂಚವನ್ನು ಕೆಂಪಿನಲ್ಲಿ ಅದ್ದಿಕೊಂಡು ಕೆಳಗೆ ಕಾಯುತ್ತಿದ್ದ.